ಸ್ನಾನದೀಕ್ಷೆಯ ಮರುದಿನದಿಂದ

ಪಾಸ್ಖ ಜಾಗರಣೆಯ ರಾತ್ರಿ ಚರ್ಚಿನಲ್ಲಿ ಎಲ್ಲರ ಕಣ್ಣೂ ಹೊಸಬರ ಮೇಲೆ. ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರೆ, ಅದರಿಂದ ದೊಡ್ಡ ಮೇಣದ ಬತ್ತಿ ಬೆಳಗುತ್ತಾರೆ, ಸಂತರ ಹೆಸರುಗಳನ್ನು ಒಂದೊಂದಾಗಿ ಹಾಡುತ್ತಾರೆ. ತಲೆಯ ಮೇಲೆ ನೀರು ಬೀಳುತ್ತದೆ, ಹಣೆಗೆ ಪರಿಮಳತೈಲದ ಅಭಿಷೇಕವಾಗುತ್ತದೆ, ಮೊದಲ ಬಾರಿಗೆ ಪರಮಪ್ರಸಾದ ನಾಲಿಗೆಗೆ ತಾಗುತ್ತದೆ. ಪೂಜೆ ಮುಗಿದ ಮೇಲೆ ಗುರುತಿಲ್ಲದವರೂ ಬಂದು ಕೈ ಹಿಡಿದು ಶುಭಾಶಯ ಹೇಳುತ್ತಾರೆ.

ಹಬ್ಬ ಕಳೆದು ಸೋಮವಾರ ಬರುತ್ತದೆ. ಅದೇ ಮನುಷ್ಯ ಹೊಳೆನರಸೀಪುರದ ಬಸ್ಸು ಹತ್ತಿ ಕೆಲಸಕ್ಕೆ ಹೊರಡಬೇಕು. ಮನೆಯಲ್ಲಿ ಅಪ್ಪ ಅಮ್ಮ ಹಿಂದಿನಂತೆಯೇ ದೇವರ ಮುಂದೆ ದೀಪ ಹಚ್ಚಿರುತ್ತಾರೆ. ಪಕ್ಕದ ಮನೆಯವರು ಏನೋ ಕೇಳಬೇಕೆಂದುಕೊಂಡು ಕೇಳದೆ ಸುಮ್ಮನಾಗುತ್ತಾರೆ. ತಿಂಗಳುಗಟ್ಟಲೆ ವಾರಕ್ಕೊಮ್ಮೆ ನಡೆಯುತ್ತಿದ್ದ ಧರ್ಮೋಪದೇಶದ ತರಗತಿ ಮುಗಿದುಹೋಗಿದೆ. ಮುಂದೇನು ಎಂದು ಹೇಳುವವರು ಯಾರೂ ಇಲ್ಲ.

ವಯಸ್ಸಿಗೆ ಬಂದ ಮೇಲೆ ಕಥೋಲಿಕರಾದ ಎಷ್ಟೋ ಮಂದಿ ಎಡವುವುದು ಇಲ್ಲಿಯೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಸೀಮೆಯಲ್ಲಿ ಈ ಕಷ್ಟ ಇನ್ನೂ ಹೆಚ್ಚು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿದ್ದ ಕ್ರೈಸ್ತರು 11,42,647 ಮಂದಿ, ಅಂದರೆ ಶೇಕಡ 1.87. ಎಲ್ಲ ಪಂಗಡಗಳೂ ಸೇರಿ ಇಷ್ಟು. ಅವರಲ್ಲಿ ಹೆಚ್ಚಿನವರು ಬೆಂಗಳೂರು ಮತ್ತು ಕರಾವಳಿಯಲ್ಲಿದ್ದಾರೆ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರೆಂದು ನಾಡಿಗೆಲ್ಲ ಗೊತ್ತಿರುವ ಹರದನಹಳ್ಳಿಯ ಆಸುಪಾಸಿನಂಥ ಹಳ್ಳಿಗಾಡಿನಲ್ಲಿ ಕಥೋಲಿಕ ಮನೆಗಳು ವಿರಳ. ಮಂಗಳೂರಿನಲ್ಲಿ ಹೊಸ ವಿಶ್ವಾಸಿಯನ್ನು ಸುತ್ತಲ ವಾತಾವರಣವೇ ಅರ್ಧ ಕಾಪಾಡುತ್ತದೆ. ಇಲ್ಲಿ ಆ ಅನುಕೂಲವಿಲ್ಲ, ಎಲ್ಲವನ್ನೂ ತಾನೇ ಯೋಚಿಸಿ ಏರ್ಪಡಿಸಿಕೊಳ್ಳಬೇಕು.

ಈ ಚಿಂತೆ ಹೊರಗೂ ಇದೆ. ಫ್ರಾನ್ಸ್‌ನಲ್ಲಿ 2024ರ ಪಾಸ್ಖ ಹಬ್ಬಕ್ಕೆ 7,135 ವಯಸ್ಕರು ಸ್ನಾನದೀಕ್ಷೆ ಪಡೆದರು. 2025ರಲ್ಲಿ ಆ ಸಂಖ್ಯೆ 10,384ಕ್ಕೆ ಏರಿತು. ಅಲ್ಲಿನ ಧರ್ಮಸಭೆಗೆ ಇದು ಸಂತೋಷದ ಸುದ್ದಿಯಾದರೂ ಒಂದು ಹೆದರಿಕೆ ಉಳಿದೇ ಇದೆ. ಇವರಲ್ಲಿ ಎಷ್ಟು ಮಂದಿ ಮುಂದಿನ ಪಾಸ್ಖಕ್ಕೂ ಚರ್ಚಿನಲ್ಲಿ ಇರುತ್ತಾರೆ? ಪ್ಯಾರಿಸ್ ಮತ್ತು ಸುತ್ತಲಿನ ಧರ್ಮಾಧ್ಯಕ್ಷರು ಹೊಸಬರ ವಿಷಯಕ್ಕಾಗಿಯೇ ಒಂದು ಪ್ರಾಂತೀಯ ಮಹಾಸಭೆ ನಡೆಸುವುದಾಗಿ 2025ರಲ್ಲಿ ಪ್ರಕಟಿಸಿದರು.

ಅದೇ ಫ್ರಾನ್ಸ್‌ನಿಂದ ಬಂದ ಗುರುವೊಬ್ಬರು ಇದೇ ಪ್ರಶ್ನೆಯನ್ನು ಹಾಸನ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಎದುರಿಸಿದ್ದರು.

ದುಬುವಾ ಅವರ ನಿರಾಶೆ, ಶೆಟ್ಟಿಹಳ್ಳಿಯ ಉತ್ತರ

ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಟ್ಟುಗೂಡಿಸುವ ಕೆಲಸ ಅವರ ಪಾಲಿಗೆ ಬಂತು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದರು, ಹಾಸನದ ಬಳಿ ಬೇಸಾಯಗಾರ ಕ್ರೈಸ್ತರ ನೆಲೆಗಳನ್ನು ಕಟ್ಟಿದರು. 1823ರಲ್ಲಿ ಊರಿಗೆ ಹಿಂದಿರುಗಿದ ಅವರು ಮತ್ತೆ ಭಾರತಕ್ಕೆ ಬರಲಿಲ್ಲ. ಅದೇ ವರ್ಷ ಪ್ರಕಟವಾದ ಅವರ ಪತ್ರಗಳ ಪುಸ್ತಕದಲ್ಲಿ ಕಹಿ ತುಂಬಿದೆ. ಇಷ್ಟೂ ವರ್ಷಗಳಲ್ಲಿ ತನ್ನಿಂದ ದೀಕ್ಷೆ ಪಡೆದವರು ಇನ್ನೂರರಿಂದ ಮುನ್ನೂರು ಮಂದಿ, ಅವರಲ್ಲೂ ಮನಃಪೂರ್ವಕವಾಗಿ ಬಂದವರು ಕಡಿಮೆ ಎಂಬುದು ಅವರ ಕೊರಗು.

ಆದರೆ ಹಾಸನದ ನೆಲ ಕೊಟ್ಟ ಉತ್ತರ ಬೇರೆ. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯ ಜಪಮಾಲೆ ಮಾತೆಯ ಚರ್ಚನ್ನು ಎಬ್ಬಿಸುವ ಹೊತ್ತಿಗೆ ಅಲ್ಲಿ ಅದನ್ನು ತುಂಬುವ ಜನವಿದ್ದರು. ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಚರ್ಚನ್ನು ಸುತ್ತಿಕೊಂಡಿತು, ಊರಿನವರು ಬೇರೆ ಕಡೆ ಹೋಗಿ ನೆಲೆಸಬೇಕಾಯಿತು. ಇವತ್ತು ಮಳೆಗಾಲದಲ್ಲಿ ಅರ್ಧ ಮುಳುಗುವ ಆ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಳ್ಳಲು ಪ್ರವಾಸಿಗರು ಬರುತ್ತಾರೆ. ಅವರು ನೋಡದ ಒಂದು ಸಂಗತಿ ಇದೆ. ಕಟ್ಟಡ ಹೋದರೂ ಆ ಜನರ ವಿಶ್ವಾಸ ನೀರುಪಾಲಾಗಲಿಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆಂದು 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಸ್ಥಾಪನೆಯಾದಾಗ ಈ ಹಳೆಯ ಕನ್ನಡ ಕ್ರೈಸ್ತ ಊರುಗಳೂ ಅದರ ಭಾಗವಾದವು.

ದುಬುವಾ ಒಬ್ಬೊಬ್ಬರನ್ನೇ ಎಣಿಸಿ ನಿರಾಶರಾದರು. ಉಳಿದುಕೊಂಡದ್ದು ಒಟ್ಟಿಗೆ ಉತ್ತು, ಒಟ್ಟಿಗೆ ಪ್ರಾರ್ಥಿಸಿ, ಒಟ್ಟಿಗೆ ಮಣ್ಣಿಗೆ ಹೋದ ಕುಟುಂಬಗಳ ವಿಶ್ವಾಸ. ಹೊಸದಾಗಿ ಕಥೋಲಿಕರಾದವರು ಇದರಿಂದ ಕಲಿಯಬೇಕಾದದ್ದು ಬಹಳವಿದೆ. ಪುಸ್ತಕ ಎಷ್ಟು ಓದಿದರೂ, ಯೂಟ್ಯೂಬಿನಲ್ಲಿ ಎಷ್ಟು ಪ್ರವಚನ ಕೇಳಿದರೂ, ಜೊತೆಗೆ ನಾಲ್ಕು ಜನ ಇಲ್ಲದಿದ್ದರೆ ವಿಶ್ವಾಸ ಬೇರೂರುವುದು ಕಷ್ಟ.

ಮೊದಲ ಐವತ್ತು ದಿನ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಯಸ್ಕರ ದೀಕ್ಷಾಪದ್ಧತಿಯನ್ನು ಹಂತಹಂತವಾಗಿ ನಡೆಯುವಂತೆ ಮತ್ತೆ ಜಾರಿಗೆ ತರಲು ಹೇಳಿತು. ಅದರಂತೆ ಹೊಸ ವಿಧಿ 1972ರಲ್ಲಿ ಪ್ರಕಟವಾಯಿತು. ವಿಚಾರಿಸಿ ತಿಳಿಯುವ ಕಾಲ, ಉಪದೇಶ ಪಡೆಯುವ ಕಾಲ, ತಪಸ್ಸುಕಾಲದ ಶುದ್ಧೀಕರಣ, ಹೀಗೆ ಮೂರು ಹಂತ ದಾಟಿದ ಮೇಲೆ ಸ್ನಾನದೀಕ್ಷೆ. ಅಷ್ಟಕ್ಕೇ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ವಿಧಿಯಲ್ಲಿ ನಾಲ್ಕನೆಯ ಹಂತವೂ ಇದೆ. ಅದು ಶುರುವಾಗುವುದೇ ಸ್ನಾನದೀಕ್ಷೆಯ ನಂತರ. ಪಾಸ್ಖ ಹಬ್ಬದಿಂದ ಪಂಚಾಶತ್ತಮ ಹಬ್ಬದವರೆಗಿನ ಐವತ್ತು ದಿನ, ಹೊಸಬರು ತಾವು ಪಡೆದ ಸಂಸ್ಕಾರಗಳ ಒಳಗುಟ್ಟನ್ನು ಅರಿಯುವ ಕಾಲ.

ಇದೇನೂ ಹೊಸ ಏರ್ಪಾಡಲ್ಲ. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ಉಳಿದಿರುವ ಉಪನ್ಯಾಸಗಳು ಪಾಸ್ಖ ವಾರದಲ್ಲಿ ಹೊಸಬರಿಗೆಂದೇ ಕೊಟ್ಟವು. ಮಿಲಾನಿನಲ್ಲಿ ಸಂತ ಅಂಬ್ರೋಸ್ ಕೂಡ ಹಾಗೆಯೇ ಮಾಡಿದರು. ನೀರು ಏಕೆ, ಎಣ್ಣೆ ಏಕೆ, ರೊಟ್ಟಿ ಏಕೆ ಎಂಬುದನ್ನು ಅನುಭವಿಸಿದ ಮೇಲೆ ವಿವರಿಸಿದರೆ ಮನಸ್ಸಿಗೆ ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಧರ್ಮಕೇಂದ್ರಗಳಲ್ಲಿ ಈ ನಾಲ್ಕನೆಯ ಹಂತ ಬಹುಪಾಲು ಬಿಟ್ಟುಹೋಗುತ್ತದೆ. ಅದಕ್ಕಾಗಿ ಕಾಯುತ್ತ ಕೂರಬಾರದು. ಹೊಸಬರೇ ಫಾದರ್ ಬಳಿ ಹೋಗಿ, ಪಂಚಾಶತ್ತಮದವರೆಗೆ ವಾರಕ್ಕೊಮ್ಮೆ ಅರ್ಧ ಗಂಟೆ ಕೇಳಬೇಕು. ಫಾದರ್‌ಗೆ ಬಿಡುವಿಲ್ಲದಿದ್ದರೆ ಸಿಸ್ಟರ್ ಆಗಬಹುದು, ಹಿರಿಯ ಉಪದೇಶಿಯಾದರೂ ಸರಿ. ಹೊಸಬರಿಗೆ ಸ್ನಾನದೀಕ್ಷೆಯ ನಂತರವೂ ತಕ್ಕ ಶಿಕ್ಷಣ ಕೊಡಬೇಕೆಂದು ಧರ್ಮಸಭೆಯ ಕಾನೂನಿನ 789ನೆಯ ಕಲಮು ಹೇಳುತ್ತದೆ. ಆದ್ದರಿಂದ ಇದನ್ನು ಕೇಳಲು ಸಂಕೋಚ ಬೇಡ.

ಇದೇ ಐವತ್ತು ದಿನಗಳಲ್ಲಿ ಮುಗಿಸಬೇಕಾದ ಒಂದು ಕಾಗದದ ಕೆಲಸವೂ ಇದೆ. ಸ್ನಾನದೀಕ್ಷೆ ಆದ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಸಾಕ್ಷಿಯಾಗಿ ನಿಂತವರ ಹೆಸರು ಸರಿಯಾಗಿ ಬರೆದಿದೆಯೇ ನೋಡಿಕೊಳ್ಳಬೇಕು. ಪ್ರಮಾಣಪತ್ರದ ಎರಡು ಪ್ರತಿ ಪಡೆದಿಡಬೇಕು. ದೃಢೀಕರಣ, ಮದುವೆ ಎಲ್ಲವೂ ಮುಂದೆ ಆ ಪುಸ್ತಕದಲ್ಲೇ ನಮೂದಾಗುತ್ತವೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ದೀಕ್ಷೆ ಪಡೆದು ಆಮೇಲೆ ಚನ್ನರಾಯಪಟ್ಟಣಕ್ಕೆ ಮರಳಿದವರು ಆ ಪ್ರಮಾಣಪತ್ರ ಹಿಡಿದು ಹತ್ತಿರದ ಧರ್ಮಕೇಂದ್ರಕ್ಕೆ ಹೋಗಿ ಕುಟುಂಬಗಳ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರು ಕಾಯಿಲೆ ಬಿದ್ದರೂ ಫಾದರ್‌ಗೆ ಗೊತ್ತಾಗುವುದಿಲ್ಲ.

ಭಾನುವಾರ ಮತ್ತು ಬಸ್ಸು

ಭಾನುವಾರದ ಬಲಿಪೂಜೆ ಕಥೋಲಿಕ ಬದುಕಿನ ನಡುಗಂಬ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಭಾನುವಾರವೂ ಅಂಗಡಿ ತೆರೆಯುವವರಿಗೆ, ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಪರಮಪ್ರಸಾದ ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದು. ನೀರು ಕುಡಿಯಬಹುದು, ಔಷಧಿ ತೆಗೆದುಕೊಳ್ಳಬಹುದು.

ಪೂಜೆಯ ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ಯೊವಾನ್ನನ ಶುಭಸಂದೇಶ ಮುಖ್ಯವಾಗಿ ತಪಸ್ಸುಕಾಲದಲ್ಲೂ ಪಾಸ್ಖ ಕಾಲದಲ್ಲೂ ಕೇಳಿಬರುತ್ತದೆ. ವರ್ಷ ಶುರುವಾಗುವುದು ಜನವರಿಯಲ್ಲಲ್ಲ, ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚಿನ ಆಗಮನ ಕಾಲದಲ್ಲಿ. ಶನಿವಾರ ರಾತ್ರಿ ಮಾರನೆಯ ದಿನದ ವಾಚನಗಳನ್ನು ಮನೆಯಲ್ಲಿ ಓದಿಕೊಂಡು ಹೋದವರಿಗೆ ಫಾದರ್ ಪ್ರಬೋಧನೆ ಬೇರೆಯದೇ ರೀತಿಯಲ್ಲಿ ಕೇಳಿಸುತ್ತದೆ. ಎಲ್ಲ ಸಲಹೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸಿಕೊಳ್ಳಬೇಕು. ಖರ್ಚಿಲ್ಲ, ಯಾರ ಅನುಮತಿಯೂ ಬೇಕಿಲ್ಲ, ವಾರಕ್ಕೆ ಕಾಲು ಗಂಟೆ ಸಾಕು.

ಬಸ್ಸು ತಪ್ಪಿದರೆ? ಮಳೆಗಾಲದಲ್ಲಿ ರಸ್ತೆ ಕೊಚ್ಚಿಹೋದರೆ? ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ? ಪೂಜೆಗೆ ಹೋಗುವುದು ನಿಜವಾಗಿಯೂ ಅಸಾಧ್ಯವಾದಾಗ ಒಬ್ಬರೇ, ಇಲ್ಲವೇ ಮನೆಮಂದಿ ಸೇರಿ, ಇಲ್ಲವೇ ಕೆಲವು ಕುಟುಂಬಗಳು ಕೂಡಿ ಪ್ರಾರ್ಥನೆಯಲ್ಲಿ ಸಮಯ ಕಳೆಯಬೇಕೆಂದು ಧರ್ಮಸಭೆಯ ಕಾನೂನೇ ಶಿಫಾರಸು ಮಾಡುತ್ತದೆ. ಹಳ್ಳಿಗಾಡಿನಲ್ಲಿರುವವರಿಗೆ ಈ ಮಾತು ದೊಡ್ಡ ಧೈರ್ಯ. ಒಂದು ಭಾನುವಾರ ತಪ್ಪಿತೆಂದು ನಾಚಿ ಮುಂದಿನ ಭಾನುವಾರವೂ ಹೋಗದೆ ಉಳಿಯುವುದೇ ನಿಜವಾದ ಅಪಾಯ. ಹಾಗೆ ಹಿಂದೆ ಸರಿದವರನ್ನು ಯಾವ ಧರ್ಮಕೇಂದ್ರದಲ್ಲಿ ವಿಚಾರಿಸಿದರೂ ಕಾಣಬಹುದು.

ಮನೆಯ ಪ್ರಾರ್ಥನೆ, ಕನ್ನಡದ ಪ್ರಾರ್ಥನೆ

ಕಥೋಲಿಕ ಬೈಬಲಿನಲ್ಲಿ 73 ಗ್ರಂಥಗಳಿವೆ. ಕನ್ನಡದಲ್ಲಿ ಅದನ್ನು ಶ್ರೀಗ್ರಂಥ ಎನ್ನುವುದು ವಾಡಿಕೆ. ಮೊದಲ ಪುಟದಿಂದ ಶುರುಮಾಡಿದವರು ಯಾಜಕಕಾಂಡ ಬರುವಷ್ಟರಲ್ಲಿ ಸುಸ್ತಾಗುತ್ತಾರೆ. ಮಾರ್ಕನಿಂದ ಆರಂಭಿಸುವುದು ಒಳ್ಳೆಯದು. ಬರೀ 16 ಅಧ್ಯಾಯ, ಓಡುವ ಕಥನ. ಆಮೇಲೆ ಲೂಕ, ಅದರ ಬೆನ್ನಿಗೇ ಪ್ರೇಷಿತರ ಕಾರ್ಯಕಲಾಪಗಳು. ಮೊದಲ ಕ್ರೈಸ್ತರೆಲ್ಲ ಹೊಸಬರೇ ಆಗಿದ್ದರು, ಅವರೂ ಜಗಳವಾಡಿದರು, ಹೆದರಿದರು, ದಾರಿ ತಪ್ಪಿ ಮತ್ತೆ ಬಂದರು ಎಂಬುದು ಆ ಗ್ರಂಥದಲ್ಲಿದೆ. ದಿನಕ್ಕೊಂದು ಕೀರ್ತನೆ ಓದಿದರೆ 150 ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಸಂದೇಹ ಬಂದಾಗ ನೋಡಲು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವಿದೆ. ವಿಶ್ವಾಸ, ಸಂಸ್ಕಾರ, ನಡತೆ, ಪ್ರಾರ್ಥನೆ ಎಂದು ಅದರಲ್ಲಿ ನಾಲ್ಕು ಭಾಗ. ಕೊನೆಯ ಭಾಗವಾದ ಪ್ರಾರ್ಥನೆಯಿಂದಲೇ ಓದಲು ತೊಡಗಿದರೆ ತಪ್ಪೇನಿಲ್ಲ.

ಜಪಸರ ಕೈಗೆ ಒಗ್ಗಲು ಸಮಯ ಬೇಕು. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು. ಗುರುವಾರದ ಬೆಳಕಿನ ರಹಸ್ಯಗಳನ್ನು ಎರಡನೆಯ ಜಾನ್ ಪಾಲ್ 2002ರಲ್ಲಿ ಸೇರಿಸಿದರು. ಐದೂ ಹತ್ತುಗಳನ್ನು ಒಮ್ಮೆಗೇ ಹೇಳಲಾಗದಿದ್ದರೆ ಒಂದು ಹತ್ತು ಹೇಳಿದರೂ ಸಾಕು. ಅರಕಲಗೂಡಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಅದು ಸಲೀಸಾಗಿ ಮುಗಿಯುತ್ತದೆ.

ಹಿಂದೂ ಮನೆಯಲ್ಲಿ ಬೆಳೆದವರಿಗೆ ಇನ್ನೊಂದು ಕಳವಳ ಇರುತ್ತದೆ. ಹೊಸ ಪ್ರಾರ್ಥನೆ ತನ್ನದಲ್ಲವೇನೋ ಎಂಬ ಭಾವ. ಅವರು ತಿಳಿಯಬೇಕಾದ ಇತಿಹಾಸವಿದೆ. 1969ರ ಏಪ್ರಿಲ್‌ನಲ್ಲಿ ರೋಮ್ ಭಾರತದ ಪೂಜಾವಿಧಿಗೆ ಹನ್ನೆರಡು ಅಂಶಗಳ ಹೊಂದಾಣಿಕೆಯನ್ನು ಒಪ್ಪಿತು. ನೆಲದ ಮೇಲೆ ಕುಳಿತು ಪ್ರಾರ್ಥಿಸುವುದು, ಕೈಮುಗಿಯುವುದು, ಪಂಚಾಂಗ ಪ್ರಣಾಮ, ಎಣ್ಣೆಯ ದೀಪ, ಆರತಿ ಎಲ್ಲವೂ ಅದರಲ್ಲಿವೆ. ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಫಾದರ್ ಡಿ.ಎಸ್. ಅಮಲೋರ್ಪವದಾಸ್. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿ ಕೇಂದ್ರವನ್ನು ಕಟ್ಟಿದವರು ಅವರೇ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಹೊಣೆ ಹೊತ್ತರು, ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು. ಧ್ಯಾನಕೂಟಕ್ಕೆ ಎಲ್ಲಿಗೆ ಹೋಗಲಿ ಎಂದು ಕೇಳುವ ಹಾಸನದವರಿಗೆ ಅದು ದೂರವೇನಲ್ಲ.

ಪಾಪನಿವೇದನೆಯ ಅಳುಕು

ಮೊದಲ ಪಾಪನಿವೇದನೆಗೆ ಹೋಗಲು ಹೊಸಬರು ಹಿಂಜರಿಯುತ್ತಾರೆ. ಇನ್ನೊಬ್ಬರ ಮುಂದೆ ತಪ್ಪು ಹೇಳಿಕೊಳ್ಳುವ ರೂಢಿ ಇಲ್ಲ, ಪರಿಚಯದ ಫಾದರ್ ಏನೆಂದುಕೊಳ್ಳುತ್ತಾರೋ ಎಂಬ ಭಯ. ಮೂರು ಸಂಗತಿ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ. ಸ್ನಾನದೀಕ್ಷೆಗೆ ಮುಂಚಿನ ಪಾಪಗಳೆಲ್ಲ ಆ ನೀರಿನಲ್ಲೇ ಕ್ಷಮಿಸಲ್ಪಟ್ಟಿವೆ, ಅವನ್ನು ಮತ್ತೆ ಎತ್ತಬೇಕಿಲ್ಲ. ಬೇರೆ ಕ್ರೈಸ್ತ ಪಂಗಡದಲ್ಲಿ ಸರಿಯಾದ ಸ್ನಾನದೀಕ್ಷೆ ಪಡೆದು ಬಂದವರಿಗೆ ಎರಡನೆಯ ಸ್ನಾನದೀಕ್ಷೆ ಇಲ್ಲ, ಅವರು ಪಾಪನಿವೇದನೆ ಮಾಡಿಯೇ ಕಥೋಲಿಕ ಬಳಗಕ್ಕೆ ಸೇರುತ್ತಾರೆ. ಇನ್ನು ಕೇಳಿದ್ದನ್ನು ಫಾದರ್ ಯಾವ ಕಾರಣಕ್ಕೂ ಯಾರಿಗೂ ಹೇಳುವಂತಿಲ್ಲ. ಜೀವ ಹೋದರೂ ಆ ಮುದ್ರೆ ಒಡೆಯುವಂತಿಲ್ಲ. ಘೋರ ಪಾಪಗಳಿದ್ದರೆ ವರ್ಷಕ್ಕೊಮ್ಮೆಯಾದರೂ ನಿವೇದಿಸಿಕೊಳ್ಳಬೇಕು ಎನ್ನುವುದು ಕಟ್ಟಳೆ. ತಿಂಗಳಿಗೊಮ್ಮೆ ಹೋಗುವುದು ಬೆಳೆಯಬೇಕೆನ್ನುವವರ ಅಭ್ಯಾಸ. ಪ್ರಾರ್ಥನೆಯ ಪದಗಳು ಬಾಯಿಗೆ ಬರದಿದ್ದರೆ ಇದು ನನ್ನ ಮೊದಲ ಸಲ ಎಂದರೆ ಸಾಕು, ಮುಂದಿನದನ್ನು ಫಾದರ್ ನಡೆಸಿಕೊಡುತ್ತಾರೆ.

ಮನೆಯವರು, ನೆಂಟರು, ಊರು

ಎಲ್ಲಕ್ಕಿಂತ ಕಷ್ಟದ ಪಾಠ ಮನೆಯೊಳಗೇ ಇರುತ್ತದೆ. ಹೊಸ ಉತ್ಸಾಹದಲ್ಲಿ ಕೆಲವರು ಅಮ್ಮನ ದೇವರಮನೆಯನ್ನು ಹೀಗಳೆಯುತ್ತಾರೆ, ಯುಗಾದಿಯ ಊಟಕ್ಕೆ ಕೂರುವುದಿಲ್ಲ, ಅಜ್ಜನ ತಿಥಿಗೆ ಬರುವುದಿಲ್ಲ. ಧರ್ಮಸಭೆ ಇದನ್ನು ಕಲಿಸಿಲ್ಲ. 1965ರ ಅಕ್ಟೋಬರ್ 28ರಂದು ಹೊರಬಂದ ವ್ಯಾಟಿಕನ್ ಘೋಷಣೆ ಹಿಂದೂ ಧರ್ಮವನ್ನು ಹೆಸರಿಸಿಯೇ, ಇತರ ಧರ್ಮಗಳಲ್ಲಿರುವ ಸತ್ಯವಾದ ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದಿದೆ. ಕಥೋಲಿಕ ವ್ಯಕ್ತಿ ಇನ್ನೊಂದು ದೇವರಿಗೆ ಪೂಜೆ ಸಲ್ಲಿಸುವುದಿಲ್ಲ, ಅದು ಸ್ಪಷ್ಟ. ಆದರೆ ಹೆತ್ತವರ ಕಾಲಿಗೆ ನಮಸ್ಕರಿಸುವುದು, ಹಬ್ಬದ ಅಡುಗೆಗೆ ತರಕಾರಿ ಹೆಚ್ಚಿಕೊಡುವುದು, ಸಾವಿನ ಮನೆಯಲ್ಲಿ ಜೊತೆಗೆ ನಿಲ್ಲುವುದು ಪೂಜೆಯಲ್ಲ. ಎಲ್ಲಿ ಗೆರೆ ಎಳೆಯಬೇಕೆಂದು ಅನುಮಾನ ಬಂದಲ್ಲಿ ಫಾದರನ್ನು ಕೇಳಬೇಕು. ಸತ್ತ ಹಿರಿಯರನ್ನು ಮರೆಯಬೇಕಾಗಿಲ್ಲ. ನವೆಂಬರ್ 2ರಂದು ಮೃತರೆಲ್ಲರ ಸ್ಮರಣೆ ಇದೆ, ಅವರ ಹೆಸರಿನಲ್ಲಿ ಯಾವ ದಿನ ಬೇಕಾದರೂ ಪೂಜೆ ಹೇಳಿಸಬಹುದು.

ಗಂಡ ಅಥವಾ ಹೆಂಡತಿ ಹಿಂದೂ ಆಗಿಯೇ ಉಳಿದರೆ ಮದುವೆ ಮುರಿಯುವುದಿಲ್ಲ. ಅವರು ಜೊತೆಗಿರಲು ಒಪ್ಪಿದ್ದರೆ ಬಿಡಬೇಡಿ ಎಂದು ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ.

ಕಾನೂನಿನ ಕೆಲವು ಮಾತು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಇವು ಗೊತ್ತಿಲ್ಲದೆ ಮುಂದೆ ಮನಸ್ಸು ಕಹಿಯಾದವರಿದ್ದಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಕ್ರೈಸ್ತರಿಗೆ ಇಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೆಯ ಕಲಮಿನಂತೆ, ಧರ್ಮ ಬದಲಿಸಿದ ನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ನೆಂಟರ ಆಸ್ತಿಯಲ್ಲಿ ಉತ್ತರಾಧಿಕಾರ ಸಿಗದೆ ಹೋಗಬಹುದು. ಮತಾಂತರದ ಕುರಿತು ಕರ್ನಾಟಕದಲ್ಲಿ 2022ರಲ್ಲಿ ಕಾಯ್ದೆ ಬಂತು, ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಜಾತಿ ಪ್ರಮಾಣಪತ್ರ, ಪಹಣಿ, ವಿಭಾಗಪತ್ರದ ವಿಷಯ ಇರುವವರು ವಕೀಲರೊಬ್ಬರನ್ನು ಕಂಡು ಮಾತನಾಡುವುದು ಜಾಣತನ.

ಒಳಗಿನ ಗೋಡೆಗಳು

ಜಾತಿಯ ಹಂಗು ತೊರೆಯಬಹುದೆಂಬ ಆಸೆಯಿಂದ ಬಂದವರಿಗೆ ಚರ್ಚಿನೊಳಗೂ ಜಾತಿಯ ಮಾತು ಕೇಳಿಸಿದರೆ ಆಗುವ ನೋವು ಸಣ್ಣದಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ಈ ಪಾಪವನ್ನು ಒಪ್ಪಿಕೊಂಡು 2016ರಲ್ಲಿ ದಲಿತ ಸಬಲೀಕರಣದ ನೀತಿಯನ್ನು ಹೊರಡಿಸಿತು. ನೀತಿ ಬಂದಿದೆಯೆಂದು ನಡತೆ ತಾನಾಗಿ ಬದಲಾಗದು.

ಈ ನೋವಿನಲ್ಲಿರುವವರು ನೆನೆಯಬೇಕಾದ ಸಂತರೊಬ್ಬರಿದ್ದಾರೆ. ತಿರುವಾಂಕೂರು ಅರಮನೆಯ ಅಧಿಕಾರಿಯಾಗಿದ್ದ ದೇವಸಹಾಯಂ ಡಚ್ ಸೇನಾನಿ ಡಿ ಲನ್ನಾಯ್ ಅವರ ಸ್ನೇಹದಿಂದ ಕ್ರಿಸ್ತನನ್ನು ಅರಿತು 1745ರ ಮೇ 14ರಂದು ಸ್ನಾನದೀಕ್ಷೆ ಪಡೆದರು. ಮೇಲ್ಜಾತಿಯಲ್ಲಿ ಹುಟ್ಟಿದ್ದರೂ ಕೆಳಗಿನವರೆನಿಸಿಕೊಂಡವರೊಡನೆ ಕುಳಿತು ಉಂಡರು. 1749ರಲ್ಲಿ ಬಂಧನ, ಮೂರು ವರ್ಷ ಚಿತ್ರಹಿಂಸೆ, 1752ರ ಜನವರಿ 14ರಂದು ಗುಂಡೇಟಿಗೆ ಮರಣ. ದೀಕ್ಷೆಯಿಂದ ಸಾವಿನವರೆಗೆ ಅವರಿಗೆ ದಕ್ಕಿದ್ದು ಏಳು ವರ್ಷವೂ ಅಲ್ಲ. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಭಾರತದ ಮೊದಲ ಗೃಹಸ್ಥ ಸಂತ, ಅವರೂ ಹೊಸಬರೇ. ಅವರ ಹೆಸರಿನಿಂದ ಜಾತಿಸೂಚಕ ಪದವನ್ನು ರೋಮ್ ಕೈಬಿಟ್ಟಿದೆ.

ಮನಸ್ಸು ಒಣಗಿದಾಗ

ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಪ್ರಾರ್ಥನೆ ರುಚಿಸದ ದಿನಗಳು ಬಂದೇ ಬರುತ್ತವೆ. ಒಟ್ಟಲಿನಿಂದ ಕಿತ್ತು ನಾಟಿ ಮಾಡಿದ ಪೈರು ಮೊದಲ ಕೆಲವು ದಿನ ಸೊರಗಿದಂತೆ ಕಾಣುತ್ತದೆ, ರೈತ ಅದನ್ನು ಕಂಡು ಗದ್ದೆ ಬಿಟ್ಟು ಹೋಗುವುದಿಲ್ಲ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಕತ್ತಲನ್ನೇ ಅನುಭವಿಸಿದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ಅಷ್ಟೂ ವರ್ಷ ಅವರು ಬೆಳಿಗ್ಗೆ ಎದ್ದು ಪೂಜೆಗೆ ಹೋಗುವುದನ್ನೂ ರೋಗಿಗಳ ಸೇವೆಯನ್ನೂ ಬಿಡಲಿಲ್ಲ.

ಸಂತ ಅಗಸ್ಟೀನರ ಕಥೆ ಇನ್ನೂ ಹತ್ತಿರದ್ದು. 387ರ ಪಾಸ್ಖದಲ್ಲಿ, 32ನೆಯ ವಯಸ್ಸಿನಲ್ಲಿ ಅವರು ಸಂತ ಅಂಬ್ರೋಸರಿಂದ ದೀಕ್ಷೆ ಪಡೆದರು. ಮರುವರ್ಷ ಆಫ್ರಿಕಾದ ತಮ್ಮ ಊರಿಗೆ ಮರಳಿದವರು ಒಂಟಿಯಾಗಿ ಇರಲಿಲ್ಲ, ಗೆಳೆಯರನ್ನು ಕೂಡಿಸಿಕೊಂಡು ಒಂದೇ ಮನೆಯಲ್ಲಿ ಓದುತ್ತ ಪ್ರಾರ್ಥಿಸುತ್ತ ಬಾಳಿದರು. ಹತ್ತು ವರ್ಷ ಕಳೆದ ಮೇಲೆ ತಮ್ಮ ಆತ್ಮಕಥನ ಬರೆಯುವಾಗಲೂ, ಧರ್ಮಾಧ್ಯಕ್ಷರಾಗಿದ್ದುಕೊಂಡೇ, ತಮ್ಮನ್ನು ಇನ್ನೂ ಕಾಡುವ ಆಸೆಗಳ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಬರೆದರು. ಒಂದು ವರ್ಷದಲ್ಲಿ ತಾನು ಸಂತನಾಗಲಿಲ್ಲವೆಂದು ಕುಗ್ಗುವವರು ಆ ಪುಟಗಳನ್ನು ಓದಬೇಕು.

ಸೇವೆ ಒಣಮನಸ್ಸಿಗೆ ಒಳ್ಳೆಯ ಮದ್ದು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜನಾಂ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಇವತ್ತು ಕರ್ನಾಟಕದ ಅನೇಕ ಧರ್ಮಕೇಂದ್ರಗಳಲ್ಲಿದೆ. ಬಡವರ ಮನೆಗೆ ಹೋಗಿ ಕಷ್ಟ ಕೇಳುವುದೇ ಅದರ ಮುಖ್ಯ ಕೆಲಸ. ಲೀಜನ್ ಆಫ್ ಮೇರಿ, ಗಾಯನ ತಂಡ, ಕಿರು ಕ್ರೈಸ್ತ ಸಮುದಾಯದ ಮನೆಪ್ರಾರ್ಥನೆ, ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಸೇರಿಕೊಳ್ಳುವುದು ಅಗತ್ಯ. ಎಲ್ಲಕ್ಕೂ ಒಟ್ಟಿಗೇ ಸೇರಿ ದಣಿಯುವುದು ಬೇಡ.

ವರ್ಷಕ್ಕೊಂದು ಯಾತ್ರೆಯೂ ಬಲ ಕೊಡುತ್ತದೆ. ಹೊಳೆನರಸೀಪುರದವರಿಗೆ ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ ಹತ್ತಿರ. 2019ರಲ್ಲಿ ಅದು ಕಿರಿಯ ಬಸಿಲಿಕದ ಪದವಿ ಪಡೆಯಿತು. ಜೂನ್ 13ರ ಹಬ್ಬಕ್ಕೆ ಅಲ್ಲಿ ಎಲ್ಲ ಧರ್ಮದವರೂ ಸೇರುತ್ತಾರೆ, ಆದ್ದರಿಂದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ದೀಕ್ಷೆಯ ದಿನವನ್ನು ವರ್ಷವರ್ಷವೂ ನೆನೆಯಬೇಕೆಂದು 1972ರ ವಿಧಿಯೇ ಹೇಳುತ್ತದೆ. ಹೊಸಬರೆಲ್ಲ ಆ ದಿನ ಸೇರಿ ದೇವರಿಗೆ ಕೃತಜ್ಞತೆ ಸಲ್ಲಿಸಬೇಕು. ಧರ್ಮಾಧ್ಯಕ್ಷರು ವರ್ಷಕ್ಕೊಮ್ಮೆಯಾದರೂ ಅವರನ್ನು ಕಂಡು ಅವರೊಡನೆ ಬಲಿಪೂಜೆ ಅರ್ಪಿಸಬೇಕು.

ಇಷ್ಟರಲ್ಲಿ ಅರ್ಧ ಹೊಣೆ ಮಾತ್ರ ಹೊಸಬರದು. ಉಳಿದರ್ಧ ತಲೆತಲಾಂತರದಿಂದ ಕಥೋಲಿಕರಾಗಿರುವ ಮನೆಗಳದು. ನಿಮ್ಮ ಧರ್ಮಕೇಂದ್ರದಲ್ಲಿ ಕಳೆದ ಪಾಸ್ಖಕ್ಕೆ ದೀಕ್ಷೆ ಪಡೆದವರು ಯಾರೆಂದು ನೆನಪಿದೆಯೇ? ಇಲ್ಲದಿದ್ದರೆ ಫಾದರನ್ನು ಕೇಳಿ ಹೆಸರು ತಿಳಿದುಕೊಳ್ಳಿ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹುಡುಕಿ ಮಾತನಾಡಿಸಿ. ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿ, ಅದಕ್ಕೆ ಮೊದಲು ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ.